ದಾನೇಲನ ಬಾಜೂಕ

ಕುಲಗೋಡ,
ಮಂಗಳವಾರ, 3 ಸೆಪ್ಟೆಂಬರ್ 2024

ಪ್ರೀತಿಯ ಎಸ್ತೇರಳ ಅಪ್ಪನಿಗೆ,

ಇಲ್ಲಿ ನಮ್ಮನ್ನೂ ಅಲ್ಲಿ ನಿಮ್ಮನ್ನೂ ಇಂದಿನವರೆಗೆ ಕಾಯ್ದ ಕರ್ತನ ಹೆಸರಿನಲ್ಲಿ ನಿಮ್ಮ ಸುವಾರ್ತಾಳ ವಂದನೆ. ನಿಮ್ಮ ಮೈ ಹೇಗಿದೆ? ಎಡಭುಜದ ಎಲುಬು ಕೂಡಿದ್ದರೂ ಜೈಲಿನ ನೆಲದ ತಂಪಿಗೆ ಮತ್ತೆ ಸೆಳೆಯುತ್ತದೆ ಎಂದು ಹೋದ ಸಲ ನಾನು ಭೇಟಿಗೆ ಬಂದಾಗ ಹೇಳಿದ್ದಿರಿ. ನಾನು ತಂದುಕೊಟ್ಟ ಚಾದರವನ್ನು ಮಡಚಿ ಭುಜದ ಕೆಳಗೆ ಇಟ್ಟುಕೊಂಡು ಮಲಗಿ. ಹೊದೆಯಲು ಇನ್ನೊಂದು ತರುತ್ತೇನೆ. ಊಟ ಬಿಡಬೇಡಿ. ದುಃಖವಾದಾಗ ನೀವು ಮೊದಲು ಬಿಡುವುದು ಊಟವನ್ನೇ, ಅದು ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ. ಎಸ್ತೇರಳ ಮುಂದಿನ ಹಲ್ಲು ಎರಡೂ ಬಿದ್ದಿವೆ. ಸಾಲಿಯಲ್ಲಿ ಟೀಚರು ಹೆಸರು ಕೇಳಿದರೆ ‘ಎತ್ತೇರ’ ಅನ್ನುತ್ತಾಳಂತೆ, ಮಕ್ಕಳೆಲ್ಲ ನಗುತ್ತಾರಂತೆ. ಮನೆಗೆ ಬಂದು ಅದನ್ನು ಹೇಳಿ ಅವಳೂ ನಗುತ್ತಾಳೆ. ನಿಮ್ಮನ್ನು ಬಿಟ್ಟು ಬೇರೆ ಯಾರು ಹತ್ತಿರ ಹೋದರೂ ಒದೆಯುತ್ತಿದ್ದ ಎಮ್ಮೆ ಈಗ ನನ್ನನ್ನು ಸಹಿಸಿಕೊಂಡಿದೆ.

ಹೋದ ವಾರ ಫೋನಿನಲ್ಲಿ ನಾನು ಹೇಳಿದ್ದು ಎಷ್ಟು? ಅವ್ವ ಹೋದರು, ಮಣ್ಣಾಯಿತು, ಎಲ್ಲ ಸರಿಯಾಗಿ ಆಯಿತು, ಅಷ್ಟೇ. ಆ ಕಡೆಯಿಂದ ನಿಮ್ಮ ಉಸಿರು ಮಾತ್ರ ಕೇಳುತ್ತಿತ್ತು, ಆಮೇಲೆ ಲೈನು ಹೋಯಿತು. ಅಂದಿನಿಂದ ನನಗೆ ಸಮಾಧಾನವಿಲ್ಲ. ಹೆತ್ತ ತಾಯಿಯ ಮಣ್ಣಿಗೆ ಬರಲಾಗದೆ ಹೋದವರಿಗೆ ‘ಸರಿಯಾಗಿ ಆಯಿತು’ ಅಂದರೆ ಏನು ತಿಳಿದೀತು? ಮಗನಾಗಿ ನೀವು ನೋಡಬೇಕಾದದ್ದನ್ನು ನಾನು ನೋಡಿದ್ದೇನೆ. ನೋಡಿದ್ದನ್ನು ನೋಡಿದ ಹಾಗೆಯೇ ಬರೆಯುತ್ತೇನೆ. ಒಂದೇ ಉಸಿರಿಗೆ ಓದಬೇಡಿ.

ಮೊದಲು ನೀವು ಜೈಲಿಗೆ ಹೋದ ಮೇಲಿನ ಮಾತು. ಇದನ್ನು ಭೇಟಿಯಲ್ಲಿ ನಾನು ನಿಮಗೆ ಹೇಳಿರಲಿಲ್ಲ, ಅವ್ವನೇ ಬೇಡ ಅಂದಿದ್ದರು. ಆ ನಸುಕಿನ ಸಂಗತಿಯನ್ನು ಮತ್ತೆ ತೆಗೆಯುವುದು ನನಗೆ ಇಷ್ಟವಿಲ್ಲ. ನಿದ್ದೆಯಿಲ್ಲದೆ ಎರಡನೆಯ ಖೇಪು ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟದ್ದು, ಕೆನಾಲಿನ ತಿರುವಿನಲ್ಲಿ ನಿಮ್ಮ ಕಣ್ಣು ಮುಚ್ಚಿದ್ದು, ಟ್ರೇಲರ್ ಮಗುಚಿದ್ದು, ನಿಮ್ಮ ಬಾಜೂ ಕೂತು ಹರಟುತ್ತ ಬಂದಿದ್ದ ದಾನೇಲ ಕಬ್ಬಿನ ಅಡಿಗೆ ಸಿಕ್ಕು ಹೋದದ್ದು, ಎಲ್ಲ ನಿಮ್ಮ ಎದೆಯಲ್ಲೇ ಇದೆ. ಕೋರ್ಟಿನಲ್ಲಿ ವಕೀಲರು ತಪ್ಪನ್ನು ರಸ್ತೆಯ ಕುಣಿಯ ಮೇಲೆ ಹಾಕೋಣ ಅಂದರೂ ನೀವು ಕೇಳಲಿಲ್ಲ. "ನನ್ನ ಕಣ್ಣ ಮುಚ್ಚಿತ್ರಿ ಸಾಹೇಬ್ರ. ತಪ್ಪು ನಂದು" ಅಂದಿರಿ. ಆ ದಿನ ಕೋರ್ಟಿನ ಹಿಂದಿನ ಬಾಕಿನ ಮೇಲೆ ದಾನೇಲನ ಅಪ್ಪ ಉದ್ದಪ್ಪ ಕಾಕಾ ಕೂತಿದ್ದರು. ನಿಮ್ಮ ಮಾತು ಮುಗಿದ ಕೂಡಲೇ ಎದ್ದು ಹೊರಗೆ ಹೋದರು. ಅದನ್ನು ನೀವು ನೋಡಿರಲಿಕ್ಕಿಲ್ಲ. ನಿಮ್ಮ ಮುಖ ಆ ಕಡೆ ಇತ್ತು.

ನಮ್ಮ ಸಭೆ ಎಷ್ಟು ದೊಡ್ಡದು? ಕೇರಿಯ ಕೊನೆಗೆ ತಗಡು ಹೊದಿಸಿದ ಒಂದು ಚರ್ಚು, ಬೆರಳೆಣಿಕೆಯ ಮನೆಗಳು. ಒಬ್ಬರಿಂದ ಒಬ್ಬರು ಮುಖ ಮರೆಸಿಕೊಳ್ಳಲು ಜಾಗವೇ ಇಲ್ಲ. ಉದ್ದಪ್ಪ ಕಾಕಾ, ಗೌರವ್ವ ಕಾಕು ಕಿಟಕಿಯ ಕಡೆ ಕೂರತೊಡಗಿದರು, ನಾವು ಬಾಗಿಲ ಕಡೆ. ನಡುವೆ ಒಂದು ಚಾಪೆಯಷ್ಟು ನೆಲ ಖಾಲಿ ಉಳಿಯಿತು. ಅಲ್ಲಿ ಯಾರೂ ಕೂರಲಿಲ್ಲ. ತಿಂಗಳ ಮೊದಲ ರವಿವಾರ ಕರ್ತನ ಭೋಜನ ನಡೆಯುತ್ತದಲ್ಲ, ಆಗ ರೊಟ್ಟಿ ಬಂದಿತು, ಬಟ್ಟಲು ಬಂದಿತು. ಉದ್ದಪ್ಪ ಕಾಕಾ ತಲೆ ಅಲ್ಲಾಡಿಸಿ ಮುಂದೆ ಕಳಿಸಿದರು. ಮೈ ಹುಷಾರಿಲ್ಲ ಅಂದುಕೊಂಡೆವು. ಮುಂದಿನ ತಿಂಗಳೂ ಹಾಗೇ ಆಯಿತು. ಮನಸ್ಸಿನಲ್ಲಿ ಒಬ್ಬರ ಮೇಲೆ ಕಹಿ ಇಟ್ಟುಕೊಂಡು ಆ ಬಟ್ಟಲನ್ನು ಮುಟ್ಟಬಾರದು ಅನ್ನುವ ಮನುಷ್ಯ ಅವರು. ಸುಳ್ಳು ಮಾಡಲಾರರು. ಅದನ್ನು ಸಭೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿದುಕೊಂಡದ್ದು ನಿಮ್ಮ ಅವ್ವ.

ಅಂದಿನಿಂದ ಅವ್ವನೂ ಬಿಟ್ಟರು. ಬಟ್ಟಲು ತಮ್ಮ ಮುಂದೆ ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತುಬಿಟ್ಟರು. ಮನೆಗೆ ಬರುವಾಗ ಹಾದಿಯಲ್ಲಿ ನಾನು ಕೇಳಿದೆ, ಯಾಕ್ರೀ ಅತ್ತಿ, ನೀವ್ಯಾಕ ತಗೊಳ್ಳಿಲ್ಲ ಅಂತ. ಕೋಲೂರಿ ನಿಂತರು. "ಅಂವ ಕುಡೀದ ಬಟ್ಟಲಾ ನಾ ಹೆಂಗ ಕುಡೀಲಿ? ಅಂವನ ಮನಿ ದೀಪಾ ಆರಿಸಿದ್ದು ನನ್ನ ಹೊಟ್ಟೀದು. ಅಂವ ತಗೊಳ್ಳೂತನಕಾ ನಂದೂ ಬ್ಯಾಡ" ಅಂದರು. ಆಮೇಲೆ ಪ್ರತಿ ತಿಂಗಳೂ ಹೀಗೇ. ಕಿಟಕಿಯ ಕಡೆ ಒಬ್ಬ ಮುದುಕ, ಬಾಗಿಲ ಕಡೆ ಒಬ್ಬ ಮುದುಕಿ. ಮೂಡಲಗಿಯಿಂದ ಬರುವ ನಮ್ಮ ಪಾಸ್ಟರ್ ಇನ್ನೂ ಹುಡುಗರು. ಬಟ್ಟಲು ಅವರ ಕೈಗೆ ತಿರುಗಿ ಬಂದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಆಗ ನನಗೂ ಇಲ್ಲಿ ಇರಬಾರದು ಅನಿಸಿತ್ತು. ನಾನು ಬಾವಿಗೆ ಹೋದರೆ ಗೌರವ್ವ ಕಾಕು ಕೊಡ ತುಂಬಿಸದೆ ಹಿಂದೆ ತಿರುಗುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹುಕ್ಕೇರಿಯಿಂದ ನನ್ನ ಅಣ್ಣ ಬೈಕಿನ ಮೇಲೆ ಬಂದ. "ನಡಿ ತಂಗಿ, ಅಂವ ಬರೂತನಕಾ ನಮ್ಮಲ್ಲಿ ಇರು. ಇಲ್ಲಿ ಯಾರ ಮಾರಿ ನೋಡ್ಕೋತ ಕೂಡ್ತಿ?" ಅಂದ. ನಾನು ನನ್ನ ಬಟ್ಟೆ, ಎಸ್ತೇರಳ ಬಟ್ಟೆ ಗಂಟು ಕಟ್ಟಿದ್ದೆ. ಅವ್ವ ಬೇಡವೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಕಟ್ಟೆಯ ಮೇಲೆ ಕೂತು ಕಡ್ಡಿಯಿಂದ ನೆಲ ಕೆರೆಯುತ್ತಿದ್ದರು. ಅವತ್ತು ಬುಧವಾರ. ವಾರಕ್ಕೊಂದು ಮನೆಯಲ್ಲಿ ನಡೆಯುವ ಸಂಜೆಯ ಪ್ರಾರ್ಥನೆ ಸರದಿಯ ಪ್ರಕಾರ ನಮ್ಮ ಮನೆಗೆ ಬಂದಿತ್ತು. ನಾನು ಅದನ್ನು ಮರೆತೇ ಬಿಟ್ಟಿದ್ದೆ. ನೆನಪಿದ್ದರೂ ಯಾರು ಬಂದಾರು ಅಂದುಕೊಳ್ಳುತ್ತಿದ್ದೆ. ಹೊತ್ತು ಇಳಿಯುತ್ತಿದ್ದ ಹಾಗೆ ಸಭೆಯ ಹಿರಿಯರಾದ ಮಾಲಿಂಗಪ್ಪ ಮಾವ ಕಂಕುಳಲ್ಲಿ ಚಾಪೆ ಸುತ್ತಿಕೊಂಡು ಒಳಗೆ ಬಂದರು. ಅವರ ಹಿಂದೆ ಹೆಂಗಸರು, ಮಕ್ಕಳು. ಉದ್ದಪ್ಪ ಕಾಕಾನ ಮನೆಯವರನ್ನು ಬಿಟ್ಟು ಉಳಿದವರೆಲ್ಲ ಬಂದರು. ಪಡಸಾಲೆ ತುಂಬಿ ಕಟ್ಟೆಯವರೆಗೆ ಕೂತರು. ಮಾಲಿಂಗಪ್ಪ ಮಾವ ಗಂಟು ನೋಡಿದರು, ನನ್ನನ್ನು ನೋಡಿದರು. ಅಣ್ಣನ ಕಡೆ ತಿರುಗಿ, "ಕೂಡ್ರಿ ಬೀಗರ. ಹುಕ್ಕೇರಿಯವರು ಚಲೋ ಹಾಡ್ತೀರಂತ, ನೀವ ಸುರು ಮಾಡ್ರಿ" ಅಂದರು. ಅಣ್ಣ ನಾಚಿಕೊಂಡು ಹಾಡಿದ. ಎಲ್ಲರೂ ದನಿ ಕೂಡಿಸಿದರು. ಪ್ರಾರ್ಥನೆಯಲ್ಲಿ ಮಾಲಿಂಗಪ್ಪ ಮಾವ ನಿಮ್ಮ ಹೆಸರು ಹಿಡಿದು ಗಟ್ಟಿಯಾಗಿ ಬೇಡಿದರು. ಅದೇ ಉಸಿರಿನಲ್ಲಿ ಉದ್ದಪ್ಪ ಕಾಕಾನ ಹೆಸರನ್ನೂ ಗೌರವ್ವ ಕಾಕುವಿನ ಹೆಸರನ್ನೂ ಹಿಡಿದರು. ಆ ಮೂರು ಹೆಸರು ಒಟ್ಟಿಗೆ ಕೇಳಿ ಎಷ್ಟು ದಿನವಾಗಿತ್ತೋ, ನನಗೆ ತಡೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ಅಣ್ಣ ಒಬ್ಬನೇ ಹುಕ್ಕೇರಿಗೆ ಹೋದ.

ಅಂದಿನಿಂದ ಯಾರಾದರೊಬ್ಬರು ಬಂದು ಹೋಗದ ದಿನವಿಲ್ಲ. ಒಬ್ಬರು ಎಸ್ತೇರಳನ್ನು ಸಾಲಿಗೆ ಬಿಟ್ಟು ಬರುತ್ತಾರೆ, ಇನ್ನೊಬ್ಬರು ಎಮ್ಮೆಗೆ ಮೇವು ತಂದು ಹಾಕುತ್ತಾರೆ. ದೊಡ್ಡ ಮಾತು ಯಾರೂ ಆಡುವುದಿಲ್ಲ. ಹೊಲದಲ್ಲಿ ನಾನು ಒಬ್ಬಳೇ ಕಳೆ ಕೀಳುತ್ತಿದ್ದರೆ ಬದುವಿನ ಮೇಲೆ ಯಾರಾದರೂ ಸೆರಗು ಸಿಕ್ಕಿಸಿಕೊಂಡು ಇಳಿಯುತ್ತಾರೆ. ಪ್ರಾರ್ಥನೆ ಅಂದರೆ ಮೊಣಕಾಲೂರುವುದು ಅಂತ ಚಿಕ್ಕಂದಿನಿಂದ ಕಲಿತವಳು ನಾನು. ಅದಕ್ಕೆ ಇಷ್ಟು ಕೈಕಾಲುಗಳಿವೆ ಎಂದು ಈ ವರ್ಷ ನೋಡಿದೆ.

ಇನ್ನು ಅವ್ವನ ಸುದ್ದಿ. ಆಗಸ್ಟ್ ತಿಂಗಳ ಮಳೆಯಲ್ಲಿ ಅವರ ಕಾಲು ಬಾತವು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ಮಾಲಿಂಗಪ್ಪ ಮಾವ ಗಾಡಿ ಮಾಡಿಸಿ ಗೋಕಾಕಿನ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಒಳ್ಳೆಯವರು. ನನ್ನನ್ನು ಹೊರಗೆ ಕರೆದು, ಎದೆಯ ಬಲ ಹೋಗಿದೆ ತಾಯಿ, ಇಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗುವುದಕ್ಕಿಂತ ಮನೆಯಲ್ಲಿ ನಿಮ್ಮವರ ನಡುವೆ ಇರಲಿ ಅಂದರು. ಕರೆದುಕೊಂಡು ಬಂದೆವು. ಹೆಂಗಸರು ಸರದಿ ಹಾಕಿಕೊಂಡು ಜೊತೆಗೆ ಕೂತರು. ಶುಕ್ರವಾರ ಮೂಡಲಗಿಯಿಂದ ಪಾಸ್ಟರ್ ಬಂದರು. ಚಿಕ್ಕ ಡಬ್ಬಿಯಲ್ಲಿ ರೊಟ್ಟಿ, ಬಟ್ಟಲು ತಂದಿದ್ದರು. ಪ್ರಾರ್ಥನೆ ಮಾಡಿ ಅವ್ವನ ತುಟಿಯ ಹತ್ತಿರ ಹಿಡಿದರು. ಅವ್ವ ಕಣ್ಣು ತೆರೆದು, "ಉದ್ದಪ್ಪ ತಗೊಂಡಾನೇನ್ರಿ?" ಎಂದು ಕೇಳಿದರು. ಪಾಸ್ಟರ್ ಸುಳ್ಳು ಹೇಳಬಹುದಿತ್ತು. ಇಲ್ಲವ್ವ ಅಂದರು. "ಹಂಗಾರ ಇರ್ಲಿ ಬಿಡ್ರಿ. ಸ್ವಾಮಿಗಿ ಗೊತ್ತೈತಿ" ಎಂದು ಅವ್ವ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ಪಾಸ್ಟರ್ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ, ಇಲ್ಲಿಂದ ನೆಟ್ಟಗೆ ಉದ್ದಪ್ಪ ಕಾಕಾನ ಮನೆಗೆ ನಡೆದರು. ತಿರುಗಿ ಬಂದಾಗ, "ಬಾಗಿಲಾ ತಗದ್ರು, ನೀರ ಕೊಟ್ರು. ಮಾತ ಆಡಲಿಲ್ಲ" ಎಂದಷ್ಟೇ ಹೇಳಿದರು.

ಶನಿವಾರ ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಎಸ್ತೇರ ಕಾಲು ಒತ್ತುತ್ತಿದ್ದಳು. ಅವ್ವ ನನ್ನ ಮಣಿಕಟ್ಟು ಹಿಡಿದು, "ಅಂವ ಬಂದ್ನೇನು?" ಎಂದು ನಿಮ್ಮನ್ನು ಕೇಳಿದರು. ಬರ್ತಾರ್ರಿ ಅತ್ತಿ, ಹಾದ್ಯಾಗ ಅದಾರ ಅಂದುಬಿಟ್ಟೆ. ಅವ್ವ ನಕ್ಕರು. ಆ ಉಸಿರಿನಲ್ಲಿ ನಗು ಎಲ್ಲಿಂದ ಬಂತೋ. "ಸುಳ್ಳ ಹೇಳಬ್ಯಾಡ. ಅಂವ ಬಂದಾಗ ಹೇಳು, ನಾ ಸಿಟ್ಟಾಗಿ ಹೋಗಿಲ್ಲ. ಖರೆ ಹೇಳಿದ ಮಗನ್ನ ಹಡದೇನಿ ಅಂತ ಹೇಳಿ ಹೋಗ್ಯಾಳ ಅನ್ನು" ಅಂದರು. ಇದು ನಿಮಗೆ ಬಿಟ್ಟ ಮಾತು. ನೀವು ಬರುವವರೆಗೆ ಇಟ್ಟುಕೊಳ್ಳಲು ನನ್ನಿಂದಾಗದು, ಅದಕ್ಕೆ ಬರೆದೆ. ಆಮೇಲೆ ಮಾತಿಲ್ಲ. ಗಂಜಿ ಆರುವ ಮೊದಲೇ ಹೋದರು. ಎಸ್ತೇರ ಇನ್ನೂ ಕಾಲು ಒತ್ತುತ್ತಲೇ ಇದ್ದಳು. "ಆಯಿ ಮಲಗ್ಯಾಳ" ಅಂದಳು.

ವಕೀಲರಿಗೆ ಫೋನ್ ಮಾಡಿದೆವು. ನಾಳೆ ರವಿವಾರ, ನಿಮ್ಮನ್ನು ಮಣ್ಣಿಗೆ ಕಳಿಸುವ ಅಪ್ಪಣೆ ಸೋಮವಾರದ ಮೊದಲು ಸಿಗದು ಅಂದರು. ಮಳೆ, ಸೆಕೆ. ದೇಹವನ್ನು ಅಲ್ಲಿಯವರೆಗೆ ಇಡುವಂತಿರಲಿಲ್ಲ. ಅದಕ್ಕೇ ನಿಮಗಾಗಿ ಕಾಯಲಾಗಲಿಲ್ಲ. ಹೆಂಗಸರು ಬಂದು ಮೈ ತೊಳೆಸಿದರು. ಅವ್ವನಿಗೆ ಇಷ್ಟವಾದ ಹಸಿರು ಇಳಕಲ್ ಸೀರೆ ಉಡಿಸಿದೆವು. ಪಾಸ್ಟರ್ ಮೂಡಲಗಿಯ ಬಡಿಗರಿಗೆ ಹೇಳಿ ಪೆಟ್ಟಿಗೆ ಮಾಡಿಸಿ ಟೆಂಪೋದಲ್ಲಿ ತಂದರು.

ರವಿವಾರ ಬೆಳಿಗ್ಗೆ ಮಳೆ ಬಿಟ್ಟಿತ್ತು. ಗಂಡಸರು ಗುದ್ದಲಿ, ಸಲಿಕೆ ತೆಗೆದುಕೊಂಡು ಕೆನಾಲಿನ ಬಾಜೂ ಇರುವ ನಮ್ಮ ಮಣ್ಣಿನ ಜಾಗಕ್ಕೆ ಹೋದರು. ನಿಮಗೆ ಗೊತ್ತಲ್ಲ, ಯಾರ ಮನೆಯಲ್ಲಿ ಸಾವಾದರೂ ಕುಣಿಗೆ ಗೆರೆ ಹಾಕಿ ಮೊದಲ ಗುದ್ದಲಿ ಇಡುತ್ತಿದ್ದವರು ಉದ್ದಪ್ಪ ಕಾಕಾ. ಎರಿ ಮಣ್ಣಿನ ಗುಣ ಅವರಿಗೆ ಗೊತ್ತು. ದಾನೇಲ ಹೋದ ಮೇಲೆ ಅವರು ಆ ಕಡೆ ಕಾಲಿಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಾಲಿಂಗಪ್ಪ ಮಾವ ತಿರುಗಿ ಬಂದು ನನ್ನನ್ನು ಬದಿಗೆ ಕರೆದರು. "ಸಮಾಧಿ ಸಾಲಿನ್ಯಾಗ ಮುಂದಿನ ಜಾಗಾ ದಾನೇಲನ ಬಾಜೂಕ ಬರ್ತೈತಿ. ಅಲ್ಲಿ ತೋಡಾಕ ಯಾರಿಗೂ ಕೈ ಬರವಲ್ದು. ನೀ ಏನ ಅಂತಿ?" ಅಂದರು. ಬ್ಯಾಡ್ರಿ ಮಾವಾರ, ಕೆನಾಲಿನ ಕಡಿ ಕೊನೀಗಿ ತೋಡ್ರಿ ಅಂದೆ. ಗೌರವ್ವ ಕಾಕು ಮಗನ ಹತ್ತಿರ ಹೋಗಿ ಕೂರುವಾಗೆಲ್ಲ ನಮ್ಮ ಮನೆಯ ಸಮಾಧಿ ಅವರ ಕಣ್ಣಿಗೆ ಬೀಳಬಾರದು ಎಂದು ಹಾಗೆ ಹೇಳಿದೆ.

ಅವರು ಹೋಗಿ ಮತ್ತೆ ಬಂದರು. ಕೊನೆಯ ಜಾಗದಲ್ಲಿ ಮೊಣಕಾಲುದ್ದ ತೋಡುವಷ್ಟರಲ್ಲಿ ನೀರು ಎದ್ದಿತ್ತು. ನಾನೇ ನೋಡುತ್ತೇನೆ ಎಂದು ಅವರ ಜೊತೆ ಹೋದೆ. ಹಾದಿಯೆಲ್ಲ ರಾಡಿ. ಬಾಜೂ ಹೊಲದ ಕುಂಥುನಾಥ ಸಾವಕಾರರು ತಮ್ಮ ಕಬ್ಬಿನ ಬದುವಿನ ಮೇಲಿನ ಮುಳ್ಳು ತೆಗೆಸಿ ಹಾದಿ ಮಾಡಿಕೊಟ್ಟಿದ್ದರು, ದೇವರು ಅವರಿಗೆ ಒಳ್ಳೆಯದು ಮಾಡಲಿ. ಹೋಗಿ ನೋಡಿದರೆ ಕುಣಿಯಲ್ಲಿ ಕೆಸರು ನೀರು ನಿಂತಿದೆ. ಗಂಡಸರು ಬುಟ್ಟಿಯಿಂದ ಎತ್ತಿ ಹಾಕುತ್ತಿದ್ದಾರೆ, ಮತ್ತೆ ತುಂಬುತ್ತಿದೆ. ನಿಮ್ಮ ಅವ್ವನನ್ನು ಆ ನೀರಿನಲ್ಲಿ ಹೇಗೆ ಇಳಿಸುವುದು? ನಾನು ಅಲ್ಲೇ ನಿಂತು, ಕರ್ತನೇ, ಒಬ್ಬ ಮುದುಕಿಗೆ ಒಣಗಿದ ಮೂರು ಮೊಳ ನೆಲ ಕೊಡು ಎಂದು ಕೇಳಿಕೊಂಡೆ. ಬೇರೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ.

ಆಗ ಸಾವಕಾರರ ಬದುವಿನ ಮೇಲೆ ಉದ್ದಪ್ಪ ಕಾಕಾ ಬರುವುದು ಕಂಡಿತು. ಹೆಗಲ ಮೇಲೆ ಗುದ್ದಲಿ ಇತ್ತು. ಬುಟ್ಟಿ ಹಿಡಿದವರು ಹಾಗೇ ನಿಂತರು. ಅವರು ಯಾರ ಮುಖವನ್ನೂ ನೋಡಲಿಲ್ಲ. ಕುಣಿಯ ಹತ್ತಿರ ಬಂದು ಗುದ್ದಲಿಯಿಂದ ಒಂದಿಷ್ಟು ಕೆಸರೆತ್ತಿ ಸೋರುವುದನ್ನು ನೋಡಿದರು. "ಇಲ್ಲಿ ಹಾಕ್ತೀರೇನು ಆಕೀನ?" ಅಂದರು. ಮಾಲಿಂಗಪ್ಪ ಮಾವ, "ಬ್ಯಾರೆ ಜಾಗಾ ಎಲ್ಲೈತೋ ಉದ್ದಪ್ಪಾ" ಅಂದರು. "ಐತಲ್ಲ" ಎಂದು ಅವರು ದಾನೇಲನ ಸಮಾಧಿಯ ಹತ್ತಿರ ಹೋದರು. ಮಳೆಗೆ ಅವನ ಕಟ್ಟಿಗೆಯ ಶಿಲುಬೆ ಓರೆಯಾಗಿತ್ತು. ಅದನ್ನು ನೆಟ್ಟಗೆ ಮಾಡಿ ಬುಡದ ಮಣ್ಣನ್ನು ಕಾಲಿನಿಂದ ಒತ್ತಿದರು. ಹಾಗೇ ಸ್ವಲ್ಪ ಹೊತ್ತು ಅದರ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಅದರ ಪಕ್ಕದಲ್ಲಿ ಗುದ್ದಲಿಯ ಕಾವಿನಿಂದ ಅಳತೆ ಹಿಡಿದು ಗೆರೆ ಹಾಕಿದರು. "ಇಲ್ಲಿ ಗರಸು ಮಣ್ಣ ಐತಿ. ನೀರ ಏಳಂಗಿಲ್ಲ. ಇಲ್ಲೇ ತೋಡ್ರಿ, ನನ್ನ ಮಗನ ಬಾಜೂಕ" ಅಂದರು.

ಆದರೂ ಯಾರೂ ಮುಂದೆ ಬರಲಿಲ್ಲ. ಅವರೇ ಮೊದಲ ಗುದ್ದಲಿ ಹಾಕಿದರು. ನನಗೆ ಏನಾಯಿತೋ, ಕಾಕಾ ಎಂದು ಕರೆದುಬಿಟ್ಟೆ. ಟ್ರೇಲರ್ ಮಗುಚಿದ ಆ ನಸುಕಿನಿಂದ ಅಂದಿನವರೆಗೆ ನಾನು ಅವರನ್ನು ಕರೆದೇ ಇರಲಿಲ್ಲ. ಅವರು ಗುದ್ದಲಿ ನಿಲ್ಲಿಸದೆಯೇ, "ನೀ ಮನಿಗಿ ನಡಿ ಯವ್ವಾ. ಹೆಣದ ಮುಂದ ಮನಿಯವರು ಇರಬೇಕು" ಅಂದರು. ಅಷ್ಟೇ ಮಾತು. ನಾನು ಬದುವಿನ ಮೇಲೆ ಅಳುತ್ತ ಬಂದೆ. ಅದು ಯಾರಿಗಾಗಿ ಅತ್ತದ್ದು, ಅವ್ವನಿಗೋ, ದಾನೇಲನಿಗೋ, ನಿಮಗೋ, ನನಗೆ ತಿಳಿಯದು. ಮುಂದಿನದನ್ನು ಮಾಲಿಂಗಪ್ಪ ಮಾವ ಹೇಳಿದರು. ಎದೆಯುದ್ದ ಇಳಿಯುವವರೆಗೆ ಅವರು ಗುದ್ದಲಿಯನ್ನು ಯಾರ ಕೈಗೂ ಕೊಡಲಿಲ್ಲವಂತೆ. ಸಾಕು ಮ್ಯಾಲ ಬಾ ಎಂದು ಕೈ ಚಾಚಿದರೆ ಕುಣಿಯೊಳಗೇ ಕೂತು, ಮಗನ ಕಡೆಯ ಮಣ್ಣಿಗೆ ಹಣೆ ಹಚ್ಚಿ ಅತ್ತರಂತೆ. "ಮಗಾ ಸತ್ತ ದಿನಾ ಒಂದ ಹನಿ ಹಾಕದಾಂವ, ಇವತ್ತ ಅತ್ತ. ನಾವ ಮ್ಯಾಲ ನಿಂತು ಹಾಡಿದಿವಿ, ಮತ್ತೇನ ಮಾಡೂನು" ಅಂದರು ಮಾವ.

ಮಧ್ಯಾಹ್ನ ಅವ್ವನನ್ನು ಎತ್ತಿದರು. ಪೆಟ್ಟಿಗೆ ಉದ್ದಪ್ಪ ಕಾಕಾನ ಮನೆಯ ಮುಂದೆಯೇ ಹೋಗಬೇಕಲ್ಲ. ಗೌರವ್ವ ಕಾಕು ಅರ್ಧ ತೆರೆದ ಬಾಗಿಲ ಹಿಂದೆ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದರು. ಹೊರಗೆ ಬರಲಿಲ್ಲ. ಬಾಗಿಲು ಹಾಕಿಕೊಳ್ಳಲೂ ಇಲ್ಲ. ನಮ್ಮ ಕೇರಿಯವರಲ್ಲದೆ ಊರವರೂ ಬಹಳ ಜನ ಬಂದಿದ್ದರು. ಕುಣಿಯ ಗೋಡೆಗಳನ್ನು ಕಟ್ಟೆ ಸಾರಿಸಿದಷ್ಟು ನುಣುಪಾಗಿ ಕೆತ್ತಿದ್ದರು. ಒಂದು ಹನಿ ನೀರಿರಲಿಲ್ಲ. ಪೆಟ್ಟಿಗೆ ಇಳಿಸಿ ಪಾಸ್ಟರ್ ಪ್ರಾರ್ಥಿಸಿದರು. ಆಮೇಲೆ ಮೊದಲ ಹಿಡಿ ಮಣ್ಣು ಹಾಕುವ ಹೊತ್ತು ಬಂತು. ಅದು ಮಗ ಹಾಕುವ ಮಣ್ಣು. ಪಾಸ್ಟರ್ ಸುತ್ತ ನೋಡಿದರು. ನಾನು ಎಸ್ತೇರಳ ಕೈ ಹಿಡಿದು ಮುಂದೆ ಬರುವಷ್ಟರಲ್ಲಿ ಉದ್ದಪ್ಪ ಕಾಕಾ ಬಗ್ಗಿ ಮಣ್ಣು ತೆಗೆದುಕೊಂಡರು. ಎಲ್ಲರಿಗೂ ಕೇಳುವ ಹಾಗೆ, "ಇದು ಆಕಿ ಮಗಂದು. ಅಂವ ದೂರ ಅದಾನ" ಎಂದು ಹೇಳಿ ಮೆಲ್ಲಗೆ ಬಿಟ್ಟರು. ನಿಮ್ಮ ಮಣ್ಣು ನಿಮ್ಮ ಅವ್ವನಿಗೆ ಮುಟ್ಟಿತು. ಇದನ್ನು ಹೇಳಲಿಕ್ಕೇ ಇಷ್ಟು ಉದ್ದ ಬರೆದೆ. ಬರಲಾಗಲಿಲ್ಲ ಎಂದು ನಿಮ್ಮನ್ನು ನೀವು ಕೊರೆದುಕೊಳ್ಳುತ್ತೀರಿ. ಹಾಗೆ ಮಾಡಬೇಡಿ.

ಮೊನ್ನೆ ಒಂದನೆಯ ತಾರೀಖು ರವಿವಾರ ಕರ್ತನ ಭೋಜನವಿತ್ತು. ನಾನು ಎಂದಿನಂತೆ ಬಾಗಿಲ ಕಡೆ ಕೂತೆ. ಬಟ್ಟಲು ಉದ್ದಪ್ಪ ಕಾಕಾನ ಮುಂದೆ ಹೋಯಿತು. ತಗಡಿನ ಮೇಲೆ ಜಿಟಿಜಿಟಿ ಮಳೆ, ಅದನ್ನು ಬಿಟ್ಟರೆ ಸದ್ದಿಲ್ಲ. ಅವರು ಎರಡೂ ಕೈಯಿಂದ ಹಿಡಿದುಕೊಂಡರು. ಪಾಸ್ಟರ್ ಕೆಳಗಿನಿಂದ ಆನಿಸಿದರು. ಕುಡಿದರು. ಕುಡಿದು ತಲೆ ತಗ್ಗಿಸಿ ಬಟ್ಟಲನ್ನು ಮುಂದೆ ಕೊಟ್ಟರು. ತಮ್ಮ ಮುಂದೆ ಬಂದಾಗ ಗೌರವ್ವ ಕಾಕು ತಲೆ ಅಲ್ಲಾಡಿಸಿ ಮುಂದೆ ಕಳಿಸಿದರು. ಯಾರೂ ತಿರುಗಿ ನೋಡಲಿಲ್ಲ. ಹಾಗೆ ನೋಡದೆ ಇದ್ದುದೂ ನಮ್ಮ ಸಭೆಯ ದಯೆಯೇ. ತಾಯಿಯ ಹೊಟ್ಟೆ ಅದು, ತನ್ನ ಹೊತ್ತು ತಾನು ತೆಗೆದುಕೊಳ್ಳಲಿ. ನನ್ನ ಮುಂದೆ ಬಂದಾಗ ಅವ್ವನನ್ನು ನೆನೆದು ಕುಡಿದೆ. ಎಸ್ತೇರ ಮಾತ್ರ ಇದ್ಯಾವುದೂ ಗೊತ್ತಿಲ್ಲದೆ ನಡುವಿನ ಖಾಲಿ ನೆಲ ದಾಟಿ ಹೋಗಿ ಗೌರವ್ವ ಕಾಕುವಿನ ಪಕ್ಕದಲ್ಲಿ ನಿಂತಳು. ಕಾಕು ಅವಳ ಮುಖ ನೋಡಲಿಲ್ಲ. ಚಾಪೆಯ ಮೇಲೆ ಒಂದಿಷ್ಟು ಆ ಕಡೆ ಸರಿದು ಕೂತರು. ಹುಡುಗಿ ಅಲ್ಲೇ ಕೂತು ಕಡೆಯ ಹಾಡಿನವರೆಗೆ ಇದ್ದಳು.

ಎಲ್ಲವೂ ಸರಿಹೋಯಿತು ಎಂದು ನಾನು ಬರೆಯುತ್ತಿಲ್ಲ. ಕ್ಷಮೆ ಅನ್ನುವ ಮಾತನ್ನು ಇಲ್ಲಿ ಯಾರೂ ಬಾಯಿಬಿಟ್ಟು ಆಡಿಲ್ಲ. ದಾನೇಲ ತಿರುಗಿ ಬರುವುದಿಲ್ಲ, ನಾಗನೂರಿನಲ್ಲಿ ಅವನಿಗೆ ಗೊತ್ತು ಮಾಡಿದ್ದ ಹುಡುಗಿಯ ಮನೆಯವರು ಈಗಲೂ ನಮ್ಮ ಕೇರಿಯ ಹಾದಿ ಹಿಡಿಯುವುದಿಲ್ಲ. ಆದರೆ ಅವ್ವ ಮತ್ತು ದಾನೇಲ ಅಕ್ಕಪಕ್ಕ ಮಲಗಿದ್ದಾರೆ. ಚಿಕ್ಕಂದಿನಲ್ಲಿ ಆ ಹುಡುಗ ಸಾಲಿ ಬಿಟ್ಟ ಕೂಡಲೇ ಮೊದಲು ನಮ್ಮ ಮನೆಗೆ ನುಗ್ಗಿ ರೊಟ್ಟಿ ಕೇಳುತ್ತಿದ್ದನಂತೆ. ಅವ್ವನೇ ಹೇಳುತ್ತಿದ್ದರು. ಪುನರುತ್ಥಾನದ ದಿನ 'ಯವ್ವಾ, ಹಸಿವ್ಯಾಗೈತಿ' ಎಂದು ಅವರನ್ನು ಎಬ್ಬಿಸುವವನು ಅವನೇ ಇರಬೇಕು.

ಮಾಲಿಂಗಪ್ಪ ಮಾವ, ಪಾಸ್ಟರ್, ಹುಕ್ಕೇರಿಯ ಅಣ್ಣ ಎಲ್ಲರೂ ನಿಮ್ಮನ್ನು ಕೇಳಿದ್ದಾರೆ. ಬುಧವಾರದ ಪ್ರಾರ್ಥನೆಯಲ್ಲಿ ನಿಮ್ಮ ಹೆಸರು ತಪ್ಪುವುದಿಲ್ಲ. ಆ ಹೊತ್ತಿಗೆ ನೀವೂ ಅಲ್ಲಿ ಕಣ್ಣು ಮುಚ್ಚಿದರೆ ನಾವು ಒಟ್ಟಿಗೇ ಕೂತ ಹಾಗೆ. ಎಸ್ತೇರ ತನ್ನ ಅಪ್ಪನಿಗೆ ಮುತ್ತು ಕೊಟ್ಟಿದ್ದಾಳೆ. ಆ ಮುತ್ತು ಬಿದ್ದ ಜಾಗದಲ್ಲಿ ಕಾಗದ ಸ್ವಲ್ಪ ಒದ್ದೆಯಾಗಿದೆ, ಬೇರೇನಲ್ಲ. ನಿಮ್ಮ ಭುಜದ ನೋವಿನ ಮೇಲೂ ಮನಸ್ಸಿನ ನೋವಿನ ಮೇಲೂ ದೇವರು ತನ್ನ ಕೈಯಿಟ್ಟು ನಿಮ್ಮನ್ನು ನಮಗೆ ಉಳಿಸಿಕೊಡಲಿ.

ಇಂತಿ ನಿಮ್ಮವಳೇ ಆದ,
ಸುವಾರ್ತಾ

ತಾ.ಕ.: ಕಾಗದ ಮಡಚಿ ಪೋಸ್ಟಿಗೆ ಹೊರಟಿದ್ದೆ. ಅಷ್ಟರಲ್ಲಿ ಉದ್ದಪ್ಪ ಕಾಕಾ ಬಾಗಿಲಿಗೆ ಬಂದು ನಿಂತರು, ಒಳಗೆ ಬರಲಿಲ್ಲ. "ಸೋಮವಾರ ಬೆಳಗಾಂವಿಗಿ ಅಂವನ ಭೆಟ್ಟಿಗಿ ಹೊಂಟೀಯಂತಲ್ಲ? ನಾನೂ ಬರ್ತೇನಿ" ಅಂದರು. ಯಾಕ್ರೀ ಕಾಕಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಹೇಳಿದರು, "ಅವ್ವನ ಕುಣಿ ಹೆಂಗಾತು ಅಂತ ತೋಡಿದಾಂವನ ಬಾಯಿಲೆ ಅಂವ ಕೇಳಬೇಕು." ಬಸ್ಸಿನ ಹೊತ್ತು ಕೇಳಿಕೊಂಡು ಹೋದರು. ನೀವು ಅವರ ಹೆಸರು ಕೇಳಿ, ಬರಲಾರೆ ಎಂದು ಒಳಗಿನಿಂದ ಹೇಳಿ ಕಳಿಸಬೇಡಿ, ನಿಮ್ಮ ಕಾಲು ಹಿಡಿದುಕೊಳ್ಳುತ್ತೇನೆ. ಭೇಟಿ ಕೋಣೆಯ ಜಾಳಿಗೆಯ ಹತ್ತಿರ ಬನ್ನಿ. ಮಾತು ಬರದಿದ್ದರೆ ಬೇಡ, ತಲೆ ಎತ್ತಲಾಗದಿದ್ದರೆ ಬೇಡ. ಬಂದು ಅವರ ಎದುರಿಗೆ ನಿಲ್ಲಿರಿ.